ಪದ್ದಕ್ಕನ ಮುಯ್ಯಿ

ಆಸಾಡಿಯ ಮಳೆ ಒಂದು ಗಳಿಗೆ ಬಿಟ್ಟಿತ್ತು. ಬಾರ್ಕೂರಿನ ಬೈಲಿನಲ್ಲಿ ನಟ್ಟಿ ನಡೆದಿತ್ತು. ನೆಡುವ ಹೆಂಗಸರ ನಗೆ ಶ್ರೀಲತಾಳ ಕಿಟಕಿಯವರೆಗೂ ಬರುತ್ತಿತ್ತು. ಅವಳು ಬೆಳಿಗ್ಗೆಯಿಂದ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೇಳಿದ್ದಕ್ಕೆ ಉತ್ತರಿಸುವ, ಪುಸ್ತಕದ ಕನ್ನಡ ಬಲ್ಲ ಭಾಷಾ ಮಾದರಿಯೊಂದಕ್ಕೆ ಕುಂದಾಪ್ರ ಕನ್ನಡ ರೂಢಿ ಮಾಡಿಸುವ ಕೆಲಸ. ಅದಕ್ಕೆ ಬೇಕಾದ ಕೋಡ್ ಪ್ಯಾಕೇಜು ಎರಡು ದಿನದಿಂದ ಸತಾಯಿಸುತ್ತಿತ್ತು. ಒಂದನ್ನು ಕೂರಿಸಿದರೆ ಇನ್ನೊಂದು ಏಳುತ್ತಿತ್ತು, ಆವೃತ್ತಿ ಹೊಂದುವುದಿಲ್ಲ ಎಂದು ಕೆಂಪಕ್ಷರದಲ್ಲಿ ಗೊಣಗುತ್ತಿತ್ತು.

ಅದರ ಪಾಠಕ್ಕೆಂದು ತನ್ನ ಮಾತನ್ನು ರೆಕಾರ್ಡ್ ಮಾಡಿಸಿದವಳು ನೆರೆಮನೆಯ ಪದ್ದಕ್ಕ. ಬೇಸಗೆಯಲ್ಲಿ ಒಂದು ದಿನವಿಡೀ ಜಗಲಿಯಲ್ಲಿ ಕೂತು ಮಾತಾಡಿದ್ದಳು. ದುಡ್ಡು ಕೊಡಹೋದರೆ, "ಥೂ, ಮಾತಿಗೆಲ್ಲ ದುಡ್ಡ್ ತಕಂತ್ರಾ ಹೆಣೆ? ನಟ್ಟಿಗೊಂದ್ ದಿನ ಬಾ, ಮುಯ್ಯಿ ತೀರತ್ತ್," ಎಂದಿದ್ದಳು. ಆಳಿಗೆ ಆಳು, ದಿನಕ್ಕೆ ದಿನ.

ಆ ದಿನ ನಡುವೆ ಒಮ್ಮೆ ಅವಳ ದನಿ ಇಳಿದಿತ್ತು. ಹೇಳಿ ಮುಗಿಸಿ, "ಇದನ್ನ್ ಮಾತ್ರ ಅಳ್ಸ್ ಮಗಾ," ಎಂದು ಶ್ರೀಲತಾಳ ಕೈ ಹಿಡಿದಿದ್ದಳು. ಶ್ರೀಲತಾ ಅದನ್ನು ಕತ್ತರಿಸಿ, ಉಳಿದ ಮಾತನ್ನು ಬೇರೆ ಫೋಲ್ಡರಿನಲ್ಲಿ ಚೊಕ್ಕವಾಗಿ ಇಟ್ಟಿದ್ದಳು. ಮೂಲವನ್ನೂ, ಇರಲಿ ಎಂದು, ಉಳಿಸಿಕೊಂಡಿದ್ದಳು.

ಇವತ್ತು ಪ್ಯಾಕೇಜು ಕಡೆಗೂ ಕೂತಿತು. ಮಧ್ಯಾಹ್ನ ನಟ್ಟಿಯವರು ನೋಡಲು ಬರುವವರಿದ್ದರು. ಅವಸರದಲ್ಲಿ, ಆ ಮಾತು ಕತ್ತರಿಸುವ ಮೊದಲು ಬರೆದಿದ್ದ ಹಳೆಯ ಸೆಟ್ಟಿಂಗ್ ಫೈಲನ್ನೇ ತಂದು ಹಾಕಿ, ಒಳಗೆ ಯಾವ ಫೋಲ್ಡರಿನ ಹೆಸರಿದೆಯೆಂದು ನೋಡದೆ ಓಡಿಸಿದಳು. ಇದ್ದದ್ದು ಸ್ವಲ್ಪವೇ ಮಾತು. ಯಂತ್ರಕ್ಕೆ ಬಾಯಿಪಾಠವಾಗುವಷ್ಟು ಸಲ ಅದನ್ನೇ ಓದಿಸಿದಳು.

ಊಟದ ಹೊತ್ತಿಗೆ ಪದ್ದಕ್ಕನೂ ಸೇರಿ ಕಾಲು ತೊಳೆದು ಬಂದ ನಟ್ಟಿಯವರಲ್ಲಿ ಉಮಾವತಿ ಎಲ್ಲರಿಗಿಂತ ಮುಂದೆ ಬಾಗಿದಳು. "ಹ್ವಾಯ್ ಪೆಟ್ಟಿಗಿ ಮಾಣಿ, ಆಯ್ತಾರ ಎಂತ ಮಾಡ್ತೆ ನೀನ್?"

ಶ್ರೀಲತಾ ನಗುತ್ತ ಪ್ರಶ್ನೆ ಒತ್ತಿದಳು. ಯಂತ್ರ ಗಟ್ಟಿಯಾಗಿ ಓದಿ ಹೇಳಿತು:

"ಆಯ್ತಾರ ಬೊಂಬಾಯಿಂದ ಗಂಡಂದ್ ಫೋನ್ ಬತ್ತ್ ಅಂತ ಎಲ್ಲರ್ ಹತ್ರ ಹೇಳ್ತೆ. ಎಂತ ಫೋನೂ ಇಲ್ಲೆ. ಆರ್ ವರ್ಷ ಆಯ್ತ್. ನಾನೇ ಕೆಮಿಗಿಟ್ಕಂಡ್ ಒಬ್ಳೆ ಮಾತಾಡುದ್."

ನಗಲು ತೆರೆದ ಬಾಯಿಗಳು ಹಾಗೇ ನಿಂತವು. ಪ್ರತಿ ಭಾನುವಾರ ಪದ್ದಕ್ಕ ಬಾವಿಕಟ್ಟೆಯಲ್ಲಿ ಫೋನು ಕಿವಿಗಿಟ್ಟು ನಗುವುದನ್ನು ಅವರೆಲ್ಲ ಕಂಡವರೇ. ಯಾರೂ ಅವಳತ್ತ ತಿರುಗಲಿಲ್ಲ. ಪದ್ದಕ್ಕ ಮಳೆಗೆ ಹೊದೆಯುವ ಗೊರಬು ಎತ್ತಿಕೊಂಡು ಮೆಟ್ಟಿಲಿಳಿದಳು.

ಶ್ರೀಲತಾ ಆ ಸಂಜೆಯೇ ಎಲ್ಲವನ್ನೂ ಅಳಿಸಿದಳು. ಕೇಳಿದವರ ಕಿವಿಯಿಂದ ಅಳಿಸುವಂತಿರಲಿಲ್ಲ.

ಮರುದಿನ ಸೀರೆ ಎತ್ತಿ ಕಟ್ಟಿ ಪದ್ದಕ್ಕನ ಗದ್ದೆಯ ಅಂಚಿನಲ್ಲಿ ನಿಂತಳು.

"ಪದ್ದಕ್ಕ, ಮುಯ್ಯಿಗ್ ಬಂದೆ."

ಪದ್ದಕ್ಕ ಬಗ್ಗಿದ ತಲೆ ಎತ್ತಲಿಲ್ಲ. "ನೀವ್ ಓದ್ದರ್ ಅಮ್ಮಾ. ಕೆಸ್ರಿಗ್ ಇಳೂದ್ ಬ್ಯಾಡ."

ಸಲಿಗೆಯಿಂದ ಹೆಣೆ ಎಂದು ಕರೆಯುತ್ತಿದ್ದವಳು.

"ಒಂದ್ ದಿನದ್ದ್ ಬಾಕಿ ಇತ್ತಲೆ..."

"ಇರ್ಲಿ. ನಂಗ್ ಬ್ಯಾಡ."

ಸಾಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ತೆರವಿತ್ತು. ಉಮಾವತಿ ಸರಿದು ಅಲ್ಲಿ ನಿಂತಳು. ನೆಡುತ್ತ ನೆಡುತ್ತ ಸಾಲು ಹಿಂದಕ್ಕೆ ಸರಿದು ಆಚೆ ಅಂಚು ಮುಟ್ಟುವವರೆಗೂ ಶ್ರೀಲತಾ ನಿಂತೇ ಇದ್ದಳು. ಕಾಲಿಗೆ ಕೆಸರು ತಾಗಲಿಲ್ಲ.