ಗಿಡಕ್ಕೆ ಬಂದ ಸಂದೇಶ

ನಮ್ಮೂರ ಹೊಳೆಯ ಮರಳಿನ ಮೇಲೆ ಆಗ ದಿನವೂ ಬಿಳಿಯ ಚಾದರಗಳು ಹರಡಿರುತ್ತಿದ್ದವು. ಆಸ್ಪತ್ರೆಯವು, ವಸತಿಗೃಹಗಳವು, ಮದುವೆ ಛತ್ರಗಳವು. ಸೇತುವೆಯಿಂದ ನೋಡುವವರಿಗೆ ಅದು ಚೆಂದದ ನೋಟ. ಹರಿವಿನ ನಡುವಿನ ಬಂಡೆಗಳ ಮೇಲೆ ಸೊಂಟ ಬಗ್ಗಿಸಿ ಒಗೆಯುವ ನಮ್ಮ ಓಣಿಯ ಹೆಂಗಸರು ಮಾತ್ರ ಆ ನೋಟದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಅವರಲ್ಲೊಬ್ಬಳು ನನ್ನ ಸೋದರತ್ತೆ ಫಕೀರವ್ವ.

ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಮುನ್ನ ದುರಗಪ್ಪ ತೊಗಲಿನ ಹಲಗೆ ಬಡಿಯುತ್ತ ದಡದಗುಂಟ ಬರುತ್ತಿದ್ದ. ಸದ್ದು ಕೇಳಿದೊಡನೆ ಹೆಂಗಸರು ಬಟ್ಟೆ ಬಾಚಿಕೊಂಡು ಮೇಲೇರುತ್ತಿದ್ದರು. ಅವನ ಅಪ್ಪನೂ ಅಜ್ಜನೂ ಬಡಿದ ಹಲಗೆ ಅದು. ಹುಟ್ಟಿದ ಕೇರಿಯ ಕಾರಣಕ್ಕೆ ಹೆಗಲೇರಿದ್ದು. ಅದನ್ನು ಇಳಿಸಬೇಕೆಂದು ನಮ್ಮ ಓದುವ ಬಳಗ ಧರಣಿ ಕೂತಿತ್ತು. ಇನ್ನು ಮುಂದೆ ಎಚ್ಚರಿಕೆ ಎಲ್ಲರ ಮೊಬೈಲಿಗೇ ಬರುತ್ತದೆ ಎಂದು ಅಣೆಕಟ್ಟಿನ ಅಧಿಕಾರಿ ಸಭೆ ಕರೆದು ಸಾರಿದಾಗ ಮೊದಲು ಚಪ್ಪಾಳೆ ತಟ್ಟಿದವರು ನಾವೇ. ದುರಗಪ್ಪ ತನ್ನ ಖಾಲಿ ಹೆಗಲನ್ನು ಸವರಿಕೊಂಡು ನಕ್ಕ. ಆ ನಗು ನ್ಯಾಯವಾದದ್ದೆಂದೇ ನಾನು ಇಂದಿಗೂ ಹೇಳುತ್ತೇನೆ.

ಅತ್ತೆ ಎದ್ದು ನಿಂತಳು.

"ಸಾಹೇಬ್ರ, ನಾವು ಹೊಳ್ಯಾಗ ಇರ್ತೀವಿ. ಫೋನು ನೀರಿಗೆ ಬಿದ್ದೀತಂತ ಚೀಲದಾಗ ಹಾಕಿ ದಂಡಿಮ್ಯಾಲಿನ ಜಾಲಿ ಗಿಡಕ್ಕ ತೂಗ ಹಾಕಿರ್ತೀವಿ. ನೀವು ಸುದ್ದಿ ಗಿಡಕ್ಕ ಹೇಳ್ತೀರೇನ್ರಿ?"

ಸಭೆಯೆಲ್ಲ ನಕ್ಕಿತು. "ನಿನ್ನ ಬಾಯಿಗಿಂತ ಗಿಡಾನ ಚಲೋ ಹೇಳ್ತೈತಿ, ಸುಮ್ಕ ಕುಂದ್ರ," ಎಂದ ಅವಳ ಗಂಡ, ಯಮನೂರಪ್ಪ ಮಾವ.

"ನಗಬ್ಯಾಡ್ರಿ. ಒಂದ ಸೈರನ್ನರ ಹಚ್ಚಸ್ರಿ."

ಅಧಿಕಾರಿ ಕೆಟ್ಟವನೇನಲ್ಲ. "ಸೈರನ್ ಎರಡನೇ ಹಂತದಲ್ಲಿದೆ ತಾಯಿ. ಮೊದಲು ಇದು ನಡೀಲಿ," ಎಂದ.

ಮೋಡದ ಚೂರೂ ಇಲ್ಲದ ಒಂದು ಬೆಳಿಗ್ಗೆ ನೀರು ಬಂತು. ಜಾಲಿ ಗಿಡದ ಚೀಲಗಳಲ್ಲಿ ಫೋನುಗಳು ಸದ್ದು ಮಾಡಿದವು. ಕೇಳಲು ಗಿಡದ ಹತ್ತಿರ ಯಾರೂ ಇರಲಿಲ್ಲ. ದಡಕ್ಕೆ ಸಮೀಪದಲ್ಲಿದ್ದವರು ಬಿದ್ದೆದ್ದು ಮೇಲೇರಿದರು. ಅತ್ತೆಯ ಬಂಡೆ ಎಲ್ಲರಿಗಿಂತ ಆಚೆಗಿತ್ತು. ನಾನು ಸೇತುವೆಯ ಮೇಲಿದ್ದೆ. ಕೆಂಪು ನೀರಿನಲ್ಲಿ ಬಿಳಿಯ ಚಾದರಗಳು ತೇಲುತ್ತ ಬಂದವು. ಜನ ಕಂಬಿಗೆ ಒರಗಿ ಬೆರಳು ಮಾಡಿ ತೋರಿಸುತ್ತಿದ್ದರು. ನಾನು ಒಂದೊಂದು ಚಾದರದ ಮಡಿಕೆಯಲ್ಲೂ ಅತ್ತೆಯನ್ನು ಹುಡುಕುತ್ತಿದ್ದೆ. ಅವಳು ಸಿಕ್ಕಿದ್ದು ಮರುದಿನ, ಕೆಳಗಿನ ಊರಿನ ದಡದಲ್ಲಿ.

ವಿಚಾರಣೆಗೆ ಅದೇ ಅಧಿಕಾರಿ ಬಂದ. ಕೈಯಲ್ಲಿದ್ದ ಪರದೆಯನ್ನು ಮಾವನ ಕಡೆ ತಿರುಗಿಸಿದ.

"ನೋಡಿ ಯಜಮಾನ್ರೇ, ನೀರು ಬಿಡೋದಕ್ಕೆ ಮುಂಚೇನೇ ಸಂದೇಶ ತಲುಪಿದೆ. ಹಸಿರು ಗುರುತು ಇದೆ."

"ಅಕಿಗೆ ಮುಟ್ಟಿಲ್ರಿ."

"ಫೋನಿಗೆ ಮುಟ್ಟಿದೆಯಲ್ಲ."

"ಹೌದ್ರಿ," ಎಂದ ಮಾವ. "ಫೋನು ಉಳದೈತಿ."

ಅಧಿಕಾರಿ ತಲೆ ತಗ್ಗಿಸಿದ. ಅವನ ವರದಿ ತಗ್ಗಿಸಲಿಲ್ಲ: ಸಂದೇಶ ನೂರಕ್ಕೆ ನೂರು ತಲುಪಿದೆ, ಲೋಪವಿಲ್ಲ. ಆ ವರ್ಷ ನಮ್ಮೂರಿನ ವ್ಯವಸ್ಥೆಗೆ ರಾಜಧಾನಿಯಲ್ಲಿ ಶಾಲು ಹೊದಿಸಿ ಫಲಕ ಕೊಟ್ಟರು. ನಾವು ಕಚೇರಿಯ ಮುಂದೆ ಕೂತೆವು. "ಹಂಗಾರ ಹಲಗಿ ವಾಪಸ್ ಬೇಕೇನು?" ಎಂದು ಕಚೇರಿಯವರು ಕೆಣಕಿದರು. ಬೇಡ ಎಂದೆವು. ಒಬ್ಬನ ಹೆಗಲಿಗೆ ಅವಮಾನ ಹೊರಿಸದೆ ಇನ್ನೊಬ್ಬಳ ಜೀವ ಉಳಿಸಲು ಬಾರದಿದ್ದರೆ ಅದೆಂಥ ಸರ್ಕಾರ ಎಂದು ಕೂಗಿದೆವು. ಗಂಟಲು ಹರಿಯಿತು. ಎರಡನೇ ಹಂತ ಬರಲಿಲ್ಲ.

ಮಾವ ಅತ್ತೆಯ ಫೋನನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಅವನಿಗೆ ಓದಲು ಬಾರದು. ಅದು ಸದ್ದು ಮಾಡಿದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಹೊಳೆಗೆ ಓಡುತ್ತಿದ್ದ.

"ಏ ಯವ್ವಾ, ಎಲ್ಲಾರೂ ಮ್ಯಾಲ ಬರ್ರೀ! ನೀರ ಬಂತೂ!"

ಒಂದು ಮಧ್ಯಾಹ್ನ ನಾನೂ ಹಿಂದೆಯೇ ಓಡಿ ಫೋನು ತೆಗೆದು ನೋಡಿದೆ. ಯಾವುದೋ ಸೀರೆ ಅಂಗಡಿಯ ರಿಯಾಯಿತಿಯ ಸುದ್ದಿ. ಹೇಳಲು ಬಾಯಿ ತೆರೆದೆ. ಆಗಷ್ಟೇ ನೀರಿನಿಂದ ಎದ್ದು ಬಂದಿದ್ದ ನಮ್ಮ ಓಣಿಯ ಯಂಕವ್ವ ಒದ್ದೆ ಕೈಯಿಂದ ನನ್ನ ಮುಂಗೈ ಒತ್ತಿದಳು.

"ಗೊತ್ತೈತಿ. ಸುಮ್ನಿರು."

ಹೊಳೆ ತನ್ನ ಪಾಡಿಗೆ ತೆಳ್ಳಗೆ ಹರಿಯುತ್ತಿತ್ತು. ಹೆಂಗಸರೆಲ್ಲ ನೀರಿಳಿಯುವ ಸೀರೆಗಳಲ್ಲಿ ದಡದ ಮೇಲೆ ಸಾಲಾಗಿ ನಿಂತಿದ್ದರು. ಮಾವ ಒಬ್ಬೊಬ್ಬರ ಮುಖ ನೋಡುತ್ತ ಎಣಿಸಿದ. ಸಾಲಿನ ತುದಿಗೆ ಬಂದು, ತಡೆದು, ಮತ್ತೆ ಮೊದಲಿನಿಂದ ಎಣಿಸತೊಡಗಿದ. ಅವನ ಎಣಿಕೆ ಮುಗಿಯುವವರೆಗೆ ಯಾರೂ ನೀರಿಗೆ ಇಳಿಯಲಿಲ್ಲ.