ಮೂರು ದಿನಕ್ಕೊಮ್ಮೆ ಬರುವ ಗ್ರಹ

"ನಾಯ್ಕರೆ, ನಾನು ಪಂಪು ಹಚ್ಚಿದ ಕೂಡ್ಲೆ ನಿಮ್ಮ ಜಗಲಿ ಲೈಟು ಮಂದ ಆಗ್ತದಲ್ಲ, ನೋಡೀರಾ?" ಚಾ ಕುಡಿಯುತ್ತ ಸುಕ್ರ ಕೇಳಿದ. ಪಕ್ಕದ ಶೇಂಗಾ ಗದ್ದೆಯ ಕೆಲಸ ಅವನದು.

ಮಹಾಬಲೇಶ್ವರ ನಾಯ್ಕರು ಲೋಟ ಕೆಳಗಿಟ್ಟರು. "ಹಚ್ಚೂದು ಯಾವಾಗ?"

"ನಮ್ಮ ನೀರಿನ ಪಾಳಿ ಬಂದ ರಾತ್ರೆ. ಮೂರು ದಿನಕ್ಕೊಮ್ಮೆ. ಒಂಬತ್ತಕ್ಕೆ ಹಚ್ಚಿದ್ರೆ ಹತ್ತೂವರೆ ತನಕ."

ನಾಯ್ಕರು ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಇಪ್ಪತ್ತು ವರ್ಷ ವೋಲ್ಟೇಜ್ ಬರೆದಿಟ್ಟು ನಿವೃತ್ತರಾದ ಮನುಷ್ಯ. ಅವರ್ಸಾದ ಮನೆಯ ತಾರಸಿಯಲ್ಲಿ ದೂರದರ್ಶಕ ಹೂಡಿ, ಒಂದು ಸಣ್ಣ, ತಂಪು, ಕೆಂಪು ನಕ್ಷತ್ರದ ಬೆಳಕು ಅಳೆಯುತ್ತ ಎರಡು ತಿಂಗಳು ಕಳೆದಿದ್ದರು. ಅದರ ಮುಂದೆ ಗ್ರಹವೊಂದು ಅಡ್ಡ ಹಾದರೆ ಬೆಳಕು ಚೂರು ತಗ್ಗಬೇಕು. ತಗ್ಗಿತ್ತು. ಮೂರು ದಿನಕ್ಕೊಮ್ಮೆ, ಒಂದೂವರೆ ತಾಸು, ಗಡಿಯಾರ ತಪ್ಪದೆ. ಎಂಥ ಶಿಸ್ತಿನ ಗ್ರಹ ಎಂದು ಹಿಗ್ಗಿದ್ದರೇ ಹೊರತು ಅನುಮಾನಪಟ್ಟಿರಲಿಲ್ಲ. ಕಾರವಾರದಲ್ಲಿ ನಕ್ಷತ್ರಗಳ ಸಂಶೋಧನೆ ಮಾಡುವ ತಮ್ಮನ ಮಗಳು ನಿಶಾ ಇದೇ ಅಂಕಿಗಳನ್ನು ನಂಬಿ ದೊಡ್ಡ ದೂರದರ್ಶಕದಲ್ಲಿ ನೋಡಲು ಸಮಯ ಕೋರಿ ಅರ್ಜಿ ಹಾಕಿದ್ದಳು. ನಾಲ್ಕು ವರ್ಷ ದುಡಿದೂ ಏನೂ ಕೈಗೆ ಹತ್ತದ ಹುಡುಗಿ.

"ಈಗೊಮ್ಮೆ ಹಚ್ಚು."

"ಇವತ್ತು ನಮ್ಮ ಪಾಳಿ ಅಲ್ಲ, ಪಾಳಿಯವರು ಬೈತಾರೆ."

"ಅವರಿಗೆ ನಾನು ಹೇಳ್ತೆ. ಹಚ್ಚು ಮಾರಾಯಾ."

ಪಂಪು ಗುಂಯ್‌ಗುಟ್ಟಿತು. ವೋಲ್ಟೇಜ್ ಮೀಟರಿನ ಮುಳ್ಳು ಇನ್ನೂರಿಪ್ಪತ್ತರಿಂದ ನೂರೆಪ್ಪತ್ತಕ್ಕೆ ಇಳಿಯಿತು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ದೂರದರ್ಶಕದ ಕ್ಯಾಮೆರಾವನ್ನು ತಣ್ಣಗಿಡುವ ಯಂತ್ರ ಸೋಲುತ್ತದೆ, ಬೆಳಕಿನ ಲೆಕ್ಕ ಕೆಡುತ್ತದೆ. ವೋಲ್ಟೇಜೇ ಅನ್ನ ಹಾಕಿದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ವಿಪರೀತ ನಾಚಿಕೆಯಾಯಿತು. ಹೇಳದೇ ಇದ್ದರೆ ಯಾರಿಗೆ ತಿಳಿದೀತು ಎಂಬ ಆಸೆಯೂ ಒಂದು ಗಳಿಗೆ ಬಂತು. ಸುಕ್ರ ಗದ್ದೆಯಲ್ಲಿರುವಾಗಲೇ ನಿಶಾಗೆ ಫೋನು ಹಚ್ಚಿದರು.

"ದೊಡ್ಡಪ್ಪಾ, ನಾನೇ ಫೋನ್ ಮಾಡ್ಬೇಕಂತಿದ್ದೆ. ದೊಡ್ಡ ದೂರದರ್ಶಕದಲ್ಲಿ ಎರಡು ರಾತ್ರಿ ಕೊಟ್ರು. ಅರ್ಜಿಯಲ್ಲಿ ನಿಮ್ಮ ಹೆಸರೇ ಮೊದಲು ಹಾಕಿದ್ದೇನೆ."

"ಅದು ಗ್ರಹ ಅಲ್ಲ, ನಿಶಾ. ಸುಕ್ರನ ಪಂಪು."

ಅವರು ಎಲ್ಲ ಬಿಡಿಸಿ ಹೇಳಿದರು. ಅವಳು ಸಣ್ಣ ದನಿಯಲ್ಲಿ, "ಇದು ಮತ್ತೆ ಯಾರಿಗೆ ಗೊತ್ತದೆ?" ಎಂದಳು.

ತಮ್ಮ ಮನಸ್ಸಿಗೆ ಬಂದದ್ದೇ ಅವಳ ಬಾಯಿಂದ ಬಂದಾಗ ಅವರಿಗೆ ಹೆದರಿಕೆಯಾಯಿತು.

"ಸುಕ್ರಂಗೆ ಗೊತ್ತದೆ," ಎಂದರು.

ಆ ಎರಡು ರಾತ್ರಿ ವಾಪಸು ಕೊಡುವ ಮಾತನ್ನು ಇಬ್ಬರೂ ಎತ್ತಲಿಲ್ಲ, ಫೋನನ್ನೂ ಇಡಲಿಲ್ಲ. ಗದ್ದೆಯಲ್ಲಿ ಪಾಳಿಯಿಲ್ಲದ ನೀರು ಒಂದೊಂದೇ ಸಾಲು ತುಂಬುತ್ತಿತ್ತು. ಬಂದ್ ಮಾಡಲೇ ಎಂದು ಸುಕ್ರ ದೂರದಿಂದ ಕೈಸನ್ನೆ ಮಾಡಿ ಕೇಳುತ್ತ ನಿಂತಿದ್ದ.