ಹಸಿ ತೇಗ

ಹಿತ್ತಲ ಬಾಗಿಲು ತೆಗೆದ ಕೂಡಲೇ ಬಿಸಿಲು ಕಣ್ಣಿಗೆ ರಾಚಿತು. ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಚಿಕ್ಕಮ್ಮನ ಆರೈಕೆಗೆಂದು ಹೋಗಿ ಮೂರು ವಾರದ ಮೇಲೆ ಆಗಷ್ಟೇ ಬಂದಿದ್ದಳು. ಕೈಯಲ್ಲಿನ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅವಳು ನೆಟ್ಟ ತೇಗದ ಮರ ಇರಲಿಲ್ಲ. ಮೊಣಕಾಲೆತ್ತರದ ಬುಡವೊಂದು ಉಳಿದಿತ್ತು. ಸುತ್ತಲೂ ಮೊರದಗಲದ ಎಲೆಗಳು ಬಾಡಿ ಮುದುಡಿಕೊಂಡು ಬಿದ್ದಿದ್ದವು.

ಎಲೆ ಉದುರುವ ಮೊದಲೇ ಕಡಿದಿದ್ದಾರೆ, ಎಂದುಕೊಂಡಳು. ಸಿಟ್ಟು ನೆತ್ತಿಗೇರಿತು.

ಹದಿನೇಳರ ಹರೆಯದಲ್ಲಿ ಅವಳು ಮೊದಲ ಸಲ ಜೋಡಿಸಿದ ಎರಡು ಹಲಗೆಗಳ ನಡುವೆ ಬೆಳಕು ಸಹ ತೂರದ್ದನ್ನು ಕಂಡು, ಬಡಗಿಯಾಗಿದ್ದ ಅಪ್ಪ ಹೆಬ್ಬೆರಳ ಗಾತ್ರದ ಆ ಸಸಿ ತಂದುಕೊಟ್ಟಿದ್ದ. ನಿನ್ನ ಕೈ ಪಳಗುವ ಹೊತ್ತಿಗೆ ಇದೂ ಬಲಿತಿರುತ್ತದೆ, ಇದು ನಿನ್ನದು ಎಂದಿದ್ದ. ಮೂವತ್ತೊಂದು ವರ್ಷ ಅವಳು ಅದರ ಮಗ್ಗುಲ ಚಿಗುರು ಚಿವುಟುತ್ತ, ಹಲಗೆಯಲ್ಲಿ ಒಂದು ಗಂಟೂ ಬಾರದಂತೆ ನೆಟ್ಟಗೆ ಬೆಳೆಸಿದಳು. ಅಪ್ಪ ಹೋದ ಮೇಲೆ ಅಂಗಡಿಯ ಬೋರ್ಡಿಗೆ ತಮ್ಮನ ಹೆಸರು ಬಂತು. ಕೆತ್ತನೆ, ಜೋಡಣೆ, ನಯಗೊಳಿಸುವುದು ಎಲ್ಲ ಹಿಂದಿನ ಕೋಣೆಯಲ್ಲಿ ಕೂತ ಅಕ್ಕನ ಪಾಲಿಗೆ. ಗಿರಾಕಿಗಳು ತಮ್ಮನ ಕೈಚಳಕವನ್ನು ಹೊಗಳುವಾಗ ಅವಳು ಗೋಡೆಯಾಚೆ ಉಜ್ಜುಕಾಗದ ಹಿಡಿದು ಹಲಗೆ ತಿಕ್ಕುತ್ತಿದ್ದಳು. ಈ ಸಲ ಎಲೆ ಉದುರಿ ಒಳಗಿನ ರಸ ಇಳಿದ ಮೇಲೆ ಮರ ಕಡಿಸಿ, ವರ್ಷವಿಡೀ ನೆರಳಲ್ಲಿ ಒಣಗಿಸಿ, ತನ್ನ ಹೆಸರಲ್ಲೇ ಒಂದು ಕಪಾಟು ಮಾಡಬೇಕೆಂದಿದ್ದಳು. ತಮ್ಮನಿಗೆ ಅದನ್ನು ಹೇಳಿಯೂ ಇದ್ದಳು.

ಅವಳು ಮನೆಯ ಮುಂಭಾಗದ ಅಂಗಡಿಗೆ ಬಂದಾಗ ತಮ್ಮ, ಹೊಸ ಮನೆ ಕಟ್ಟಿಸುತ್ತಿದ್ದ ಡಾಕ್ಟರಮ್ಮನಿಗೆ ಹಲಗೆ ತೋರಿಸುತ್ತಿದ್ದ. ಎರಡು ವರ್ಷ ಒಣಗಿಸಿಟ್ಟ ಮಾಲು, ಮುಂಬಾಗಿಲಿಗೆ ಹೇಳಿ ಮಾಡಿಸಿದಂತಿದೆ ಎನ್ನುತ್ತಿದ್ದ. ಅಕ್ಕ ಹಲಗೆಯ ಮೇಲೆ ಅಂಗೈ ಊರಿದಳು. ತಣ್ಣಗಿತ್ತು, ಹಸಿ ಇನ್ನೂ ಆರಿರಲಿಲ್ಲ.

"ಯಾರನ್ನ ಕೇಳಿ ಕಡಿಸಿದೆ?"

ತಮ್ಮ ಡಾಕ್ಟರಮ್ಮನತ್ತ ನೋಡಿ ನಕ್ಕ. "ಮನೆ ಮರ, ಮನೆ ಕೆಲಸಕ್ಕೇ ಬಂತು. ಹೆಂಗಿದ್ರೂ ಕೆತ್ತನೆ ನಿನ್ನ ಕೈಗೇ ಬರತ್ತಲ್ಲಕ್ಕ. ಒಳಗೆ ಹೋಗು, ಆಮೇಲೆ ಮಾತಾಡೋಣ."

ಅವಳು ಒಳಗೆ ಹೋಗಲಿಲ್ಲ. ಇಷ್ಟು ವರ್ಷ ಒಳಗೆ ಹೋಗಿ ಹೋಗಿ ಸಾಕಾಗಿತ್ತು.

"ಡಾಕ್ಟರೇ, ಇದನ್ನ ಮುಟ್ಟಿ ನೋಡಿ. ಮೂರು ವಾರದ ಹಿಂದೆ ಈ ಮರದ ತುಂಬಾ ಎಲೆ ಇತ್ತು. ಇದರಲ್ಲಿ ಬಾಗಿಲು ಮಾಡಿಸಿದ್ರೆ ಬೇಸಿಗೆಗೆ ಸೊಟ್ಟಗಾಗಿ ಚೌಕಟ್ಟಿಗೆ ಕೂರಲ್ಲ."

ಡಾಕ್ಟರಮ್ಮ ಮುಟ್ಟಿ, ಬೆರಳು ಉಜ್ಜಿಕೊಂಡು, ನಿಮಗಿದೆಲ್ಲ ಹೇಗೆ ಗೊತ್ತು ಎಂದು ಕೇಳಿದರು.

"ನಿಮ್ಮ ಕ್ಲಿನಿಕ್ಕಿನ ಮೇಜು ಮಾಡಿದ್ದು ನಾನು."

ಡಾಕ್ಟರಮ್ಮ ತಮ್ಮನ ಮುಖ ನೋಡಿದರು. ಅವನು ಟೇಪು ಸುತ್ತುವುದರಲ್ಲಿ ಮಗ್ನನಾದ. ಬೇರೆ ಕಡೆ ವಿಚಾರಿಸುವೆನೆಂದು ಹೇಳಿ ಅವರು ಹೊರಟರು.

ಕಾರು ತಿರುವು ದಾಟುವವರೆಗೂ ತಡೆದುಕೊಂಡಿದ್ದ ತಮ್ಮ ಆಮೇಲೆ ಹರಿಹಾಯ್ದ. ಅಪ್ಪನ ಅಂಗಡಿಯ ಮಾನ ಬೀದಿಪಾಲು ಮಾಡಿದೆ, ಕೂತು ಉಣ್ಣುವವಳಿಗೆ ಇಷ್ಟು ಸೊಕ್ಕೇ ಎಂದ.

"ನಾಳೆಯಿಂದ ಕೆತ್ತನೆ ನೀನೇ ಮಾಡು," ಎಂದಳು ಅಕ್ಕ. "ಊರೆಲ್ಲ ಅದು ನಿನ್ನ ಕೈ ಅಂತಾನೇ ತಾನೆ ಅಂದ್ಕೊಂಡಿರೋದು?"

ಅಪ್ಪನ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡಳು. ಆಮೇಲೆ ಹಲಗೆಗಳನ್ನು ಒಂದೊಂದಾಗಿ ಹಿಂದಿನ ಕೊಟ್ಟಿಗೆಗೆ ಎಳೆಯತೊಡಗಿದಳು. ನಡುನಡುವೆ ಗಾಳಿಯಾಡಲು ತೆಳು ಮರದ ಪಟ್ಟಿ ಇಟ್ಟು ಒಂದರ ಮೇಲೊಂದು ಪೇರಿಸಿದಳು. ತಮ್ಮ ಕೈಕಟ್ಟಿ ನಿಂತಿದ್ದ, ತಡೆಯಲೂ ಇಲ್ಲ, ನೆರವಿಗೆ ಬರಲೂ ಇಲ್ಲ.

ಎಲ್ಲಕ್ಕಿಂತ ಉದ್ದದ ಹಲಗೆ ಅವಳೊಬ್ಬಳಿಂದ ಏಳಲಿಲ್ಲ. ಎರಡು ಸಲ ಎತ್ತಿ ಎರಡು ಸಲವೂ ಇಳಿಸಿದಳು. ಮೂರನೆಯ ಸಲ ಇನ್ನೊಂದು ತುದಿ ತಾನಾಗಿ ಮೇಲೆದ್ದಂತಾಯಿತು. ಮನೆಯೊಳಗಿಂದ ಬಂದ ತಮ್ಮನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹಿಡಿದಿದ್ದಳು. ಗಂಡನ ಕಡೆ ನೋಡುತ್ತಿರಲಿಲ್ಲ.

ಅಕ್ಕನೂ ಅವಳ ಮುಖ ನೋಡಲಿಲ್ಲ. ನೋಡಿದರೆ ಸಿಟ್ಟು ಇಳಿದೀತೆಂಬ ಭಯ.

"ಎಡಕ್ಕೆ ತಿರುಗಿಸು," ಎಂದಳು ಬಿರುಸಾಗಿ.

ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ, ಹಲಗೆಯ ಅಂಚು ಬಾಗಿಲಿಗೆ ತಾಗದಂತೆ, ಉಸಿರು ಬಿಗಿಹಿಡಿದು ಹೊರಗೆ ನಡೆದರು.